ಪರ್ವತವಾಸಿಗಳ ನೇತ್ರರಕ್ಷಣೆ: ನೇಪಾಳ ದೇಶದ ಒಂದು ಇತಿಹಾಸ

ಮನುಷ್ಯನ ಇಂದ್ರಿಯಗಳಲ್ಲಿ ಕಣ್ಣಿಗೆ ಅಗ್ರಸ್ಥಾನವನ್ನು ಕೊಡುವುದು ಸರ್ವಜನಸಮ್ಮತವಾದ ಮಾತು. ಆ ಕಣ್ಣು ಕೆಡುವುದಕ್ಕೆ ರೋಗವೇ ಕಾರಣವೆಂದು ಸಾಮಾನ್ಯವಾಗಿ ತಿಳಿಯಲಾಗುವುದು. ಆದರೆ ಪರ್ವತಪ್ರಾಂತದ ಗ್ರಾಮಗಳ ಚರಿತ್ರೆಯನ್ನು ವಿಚಾರಿಸಿ ನೋಡಿದಲ್ಲಿ, ರೋಗದಷ್ಟೇ ದೂರವೂ ಅಲ್ಲಿನ ಅಂಧತ್ವಕ್ಕೆ ಕಾರಣವಾಗಿದ್ದಿತೆಂಬುದು ತಿಳಿದುಬರುವುದು. ಬಯಲುನಾಡಿನಲ್ಲಿ ಮೂರು ದಿವಸಗಳ ಔಷಧದಿಂದ ಮಾಯುವ ಕಣ್ಣಿನ ಗಾಯವು ಬೆಟ್ಟದ ಮೇಲೆ ಕಣ್ಣನ್ನೇ ಕಳೆಯಬಹುದು. ಪಟ್ಟಣದಲ್ಲಿ ಅರ್ಧ ಗಳಿಗೆಯೊಳಗೆ ತೆಗೆಯಬಹುದಾದ ಪೊರೆಯು ಅಲ್ಲಿ ಮುದುಕನೊಬ್ಬನ ಉಳಿದ ಆಯುಷ್ಯವನ್ನೆಲ್ಲ ಕತ್ತಲೆಗೊಳಿಸಬಹುದು. ಈ ದೂರವನ್ನು ಕಡಿಮೆಮಾಡುವುದಕ್ಕೆ ನಡೆದ ಪ್ರಯತ್ನವನ್ನು ನೇಪಾಳ ದೇಶದ ನಿದರ್ಶನದಿಂದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ನೇಪಾಳದ ಭೂಸ್ವರೂಪವನ್ನು ಮೊದಲು ತಿಳಿಯುವುದು ಅವಶ್ಯವು. ದಕ್ಷಿಣದಲ್ಲಿ ತರಾಯಿ ಎಂಬ ತಗ್ಗು ಬಯಲು, ನಡುವೆ ಪಹಾಡವೆಂಬ ಬೆಟ್ಟಸಾಲು, ಉತ್ತರದಲ್ಲಿ ಹಿಮಾಲವೆಂಬ ಎತ್ತರದ ಪರ್ವತಪ್ರಾಂತ. ಹೀಗೆ ಮೂರು ಪಟ್ಟಿಗಳಾಗಿ ದೇಶವು ಹಂಚಿಹೋಗಿದೆ. ಸಮುದ್ರಮಟ್ಟದಿಂದ ನೂರು ಮೀಟರಿಗೂ ಕೆಳಗಿರುವ ಗದ್ದೆಗಳಿಂದ ಸುಮಾರು 8,849 ಮೀಟರು ಎತ್ತರದ ಸಗರಮಾಥಾ ಶಿಖರದವರೆಗೆ ಭೂಮಿಯು ಏರುವುದು ಇನ್ನೂರು ಕಿಲೋಮೀಟರಿನ ಆಸುಪಾಸಿನ ಅಗಲದಲ್ಲಿಯೇ. ಪಕ್ಷಿಯು ಹಾರುವ ದಾರಿಯಲ್ಲಿ ಹತ್ತಿರವಾಗಿ ತೋರುವ ಎರಡು ಊರುಗಳ ನಡುವೆ ಕಣಿವೆ, ಹೊಳೆ, ಕಡಿದಾದ ಏರು ಇವುಗಳಿರುವುದರಿಂದ ಕಾಲುದಾರಿಯ ಪ್ರಯಾಣವು ದಿನಗಟ್ಟಲೆಯದಾಗುವುದು. ಅಲ್ಲಿನ ಜನರು ದೂರವನ್ನು ಅಳತೆಯಿಂದ ಹೇಳದೆ ನಡೆಯುವ ದಿವಸಗಳಿಂದ ಹೇಳುವುದು ವಾಡಿಕೆ. ನಡೆಯಲಾರದ ರೋಗಿಯನ್ನು ಡೋಕೋ ಎಂಬ ಬಿದಿರಿನ ಬುಟ್ಟಿಯಲ್ಲಿ ಕುಳ್ಳಿರಿಸಿ, ಹಣೆಗೆ ಪಟ್ಟಿಯನ್ನು ಬಿಗಿದುಕೊಂಡು, ಬೆನ್ನಮೇಲೆ ಹೊತ್ತು ಸಾಗಿಸಬೇಕು. ಕುರುಡನಾದವನಿಗೆ ಇಂಥ ಹಾದಿಯಲ್ಲಿ ಒಂದು ಹೆಜ್ಜೆಯೂ ಸ್ವತಂತ್ರವಲ್ಲ. ಬಯಲಿನ ಕುರುಡನು ಕೋಲು ಹಿಡಿದು ಬೀದಿಯನ್ನು ತಡವಿಕೊಂಡು ನಡೆಯಬಲ್ಲನು. ಪರ್ವತದ ಕುರುಡನಿಗೆ ಅಂಗಳದ ಅಂಚೇ ಲೋಕದ ಅಂಚು. ಅವನನ್ನು ನೋಡಿಕೊಳ್ಳುವುದಕ್ಕೆ ಮನೆಯ ಹುಡುಗನೋ ಹುಡುಗಿಯೋ ನಿಲ್ಲಬೇಕಾಗುವುದರಿಂದ, ಒಬ್ಬನ ಕಣ್ಣಿನೊಂದಿಗೆ ಇನ್ನೊಬ್ಬರ ವಿದ್ಯಾಭ್ಯಾಸವೂ ದುಡಿಮೆಯೂ ನಷ್ಟವಾಗುವುವು.

ಇನ್ನು ರೋಗದ ವಿಚಾರ. ಕಣ್ಣಿನ ಪಾಪೆಯ ಹಿಂದೆ ಸ್ವಚ್ಛವಾದ ಮಸೂರವೊಂದುಂಟು. ಬೆಳಕನ್ನು ಕಣ್ಣಿನ ಹಿಂಭಾಗದ ಪಟಲದ ಮೇಲೆ ಕೂಡಿಸುವುದು ಅದರ ಕೆಲಸವು. ವಯಸ್ಸಿನಿಂದಲೂ ಇತರ ಕಾರಣಗಳಿಂದಲೂ ಅದು ಮಬ್ಬಾಗಿ ಬೆಳ್ಳಗಾಗುವುದನ್ನು ಪೊರೆಯೆಂದು ನಾವು ಕರೆಯುವೆವು; ಉತ್ತರ ಕರ್ನಾಟಕದಲ್ಲಿಯೂ ನೇಪಾಳದಲ್ಲಿಯೂ ಮೋತಿಬಿಂದು ಎಂಬ ಒಂದೇ ಹೆಸರು ಬಳಕೆಯಲ್ಲಿರುವುದು ಗಮನಿಸತಕ್ಕ ಸಂಗತಿಯಾಗಿದೆ. ಈ ರೋಗಕ್ಕೆ ಶಸ್ತ್ರಚಿಕಿತ್ಸೆಯುಂಟೆಂಬುದನ್ನು ಭರತಖಂಡದ ಪ್ರಾಚೀನರು ಬಲ್ಲವರಾಗಿದ್ದರು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ನೇತ್ರರೋಗಕ್ಕೆ ಶಲಾಕೆಯಿಂದ ಮಾಡುವ ಕ್ರಿಯೆಯು ವಿವರಿಸಲ್ಪಟ್ಟಿದೆ. ಮಬ್ಬಾದ ಮಸೂರವನ್ನು ಸೂಜಿಯಿಂದ ಒತ್ತಿ ದೃಷ್ಟಿಯ ದಾರಿಯಿಂದ ಕೆಳಕ್ಕೆ ಸರಿಸುವ ಈ ಪದ್ಧತಿಯನ್ನು ಊರೂರು ಸುತ್ತುವ ಚಿಕಿತ್ಸಕರು ಇಪ್ಪತ್ತನೆಯ ಶತಮಾನದವರೆಗೂ ನಡೆಸಿಕೊಂಡು ಬಂದರು. ಮಸೂರವು ಸರಿದೊಡನೆ ಬೆಳಕು ಒಳಹೊಗುವುದರಿಂದ ರೋಗಿಗೆ ಕೂಡಲೇ ಕಂಡಂತಾಗುವುದು ನಿಜ. ಆದರೆ ಸರಿದ ಮಸೂರವು ಕಣ್ಣೊಳಗೇ ಉಳಿದು ಉರಿಯನ್ನುಂಟುಮಾಡುವುದರಿಂದಲೂ, ಸೂಜಿಯ ಅಶುದ್ಧಿಯಿಂದ ಕೀವು ಹುಟ್ಟುವುದರಿಂದಲೂ, ಅನೇಕರ ಕಣ್ಣು ಶಾಶ್ವತವಾಗಿ ಹೋಗುತ್ತಿದ್ದಿತು. ಅಷ್ಟರಲ್ಲಿ ಚಿಕಿತ್ಸಕನು ಬೇರೆ ಊರಿಗೆ ಹೋಗಿರುತ್ತಿದ್ದನು. ಬಹುಮಂದಿಗೆ ಈ ಚಿಕಿತ್ಸೆಯೂ ದೊರೆಯುತ್ತಿರಲಿಲ್ಲ. ತಲೆಗೂದಲು ನರೆಯುವಂತೆ ಕಣ್ಣೂ ನರೆಯುವುದೆಂದು ತಿಳಿದು ಅವರು ಸುಮ್ಮನಿರುತ್ತಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಪೊರೆಯನ್ನು ಕಣ್ಣಿನಿಂದ ಪೂರ್ಣವಾಗಿ ಹೊರತೆಗೆಯುವ ಶಸ್ತ್ರಕ್ರಿಯೆಯು ಹರಡಿತು. ಅದರ ಸಂಗಡ ನೇತ್ರಶಿಬಿರವೆಂಬ ಏರ್ಪಾಡೂ ಬೆಳೆಯಿತು. ದವಾಖಾನೆಗೆ ರೋಗಿಯು ಬರಲಾರದಿದ್ದರೆ ದವಾಖಾನೆಯೇ ರೋಗಿಯ ಬಳಿಗೆ ಹೋಗಬೇಕೆಂಬುದು ಅದರ ತತ್ವವು. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಬೀಳಗಿಯಲ್ಲಿ 1916ರಲ್ಲಿ ಜನಿಸಿ 2005ರಲ್ಲಿ ದಿವಂಗತರಾದ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು ಊರೂರುಗಳಲ್ಲಿ ಸಾಮೂಹಿಕ ಶಿಬಿರಗಳನ್ನು ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿಯನ್ನು ಕೊಟ್ಟುದು ನಾಡಿನ ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿದೆ. ಭಾರತದ ಬಯಲಿನಲ್ಲಿ ಹೀಗೆ ರೂಢಿಗೆ ಬಂದ ಶಿಬಿರಪದ್ಧತಿಯೇ ನೇಪಾಳದಲ್ಲಿಯೂ ಆಚರಣೆಗೆ ಬಂದಿತು. ಆದರೆ ಬಯಲಿಗೆ ಒಪ್ಪಿದ ಪದ್ಧತಿಯು ಬೆಟ್ಟಕ್ಕೆ ಹಾಗೆಯೇ ಒಪ್ಪಲಿಲ್ಲ. ಅದು ಹೇಗೆಂಬುದನ್ನು ಮುಂದೆ ಹೇಳಲಾಗುವುದು.

ನೇಪಾಳದಲ್ಲಿ ಕ್ರಮಬದ್ಧವಾದ ನೇತ್ರಸೇವೆಯ ಆರಂಭವು ತೀರ ಈಚಿನದು. ಕಾಠಮಾಂಡುವಿನ ತ್ರಿಪುರೇಶ್ವರದಲ್ಲಿ 1974ರಲ್ಲಿ ನೇಪಾಳ ನೇತ್ರ ಆಸ್ಪತ್ರೆಯು ಸ್ಥಾಪಿತವಾಯಿತು. 1978ರಲ್ಲಿ ಡಾ. ರಾಮಪ್ರಸಾದ ಪೋಖರೇಲ್ ಮೊದಲಾದವರ ಪ್ರಯತ್ನದಿಂದ ನೇಪಾಳ ನೇತ್ರ ಜ್ಯೋತಿ ಸಂಘವು ಹುಟ್ಟಿತು. ದೇಶದ ನೇತ್ರ ಆಸ್ಪತ್ರೆಗಳನ್ನು ಕಟ್ಟಿ ನಡೆಸುವ ಭಾರದಲ್ಲಿ ಬಹುಭಾಗವನ್ನು ಮುಂದೆ ಈ ಸಂಘವೇ ಹೊತ್ತುಕೊಂಡಿತು. ಅದೇ ವರ್ಷ ಅಮೇರಿಕೆಯಲ್ಲಿ ಸೇವಾ ಪ್ರತಿಷ್ಠಾನವು ಸ್ಥಾಪಿತವಾಯಿತು. ಸಿಡುಬು ನಿರ್ಮೂಲನದ ಕಾರ್ಯದಲ್ಲಿ ದುಡಿದ ಡಾ. ಲಾರಿ ಬ್ರಿಲಿಯಂಟ್, ಡಾ. ನಿಕೋಲ್ ಗ್ರಾಸೆ ಮುಂತಾದವರು ಅದರಲ್ಲಿದ್ದರು. ಮಧುರೆಯಲ್ಲಿ 1976ರಲ್ಲಿ ಹನ್ನೊಂದು ಹಾಸಿಗೆಗಳ ಅರವಿಂದ ನೇತ್ರ ಆಸ್ಪತ್ರೆಯನ್ನು ತೆರೆದ ಡಾ. ಜಿ. ವೆಂಕಟಸ್ವಾಮಿಯವರೂ ಅದರ ಮೂಲಸದಸ್ಯರಲ್ಲಿ ಒಬ್ಬರು. ಶತ್ರುವಿನ ಬಲವೆಷ್ಟೆಂಬುದನ್ನು ತಿಳಿಯದೆ ಯುದ್ಧಕ್ಕೆ ಹೊರಡಬಾರದೆಂಬುದನ್ನು ಸಿಡುಬಿನ ಕಾರ್ಯವು ಇವರಿಗೆ ಕಲಿಸಿದ್ದಿತು. ಆದುದರಿಂದ ನೇಪಾಳ ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಈ ಪ್ರತಿಷ್ಠಾನ ಇವು ಕೂಡಿ ದೇಶದ ಅಂಧತ್ವದ ಸಮೀಕ್ಷೆಯನ್ನು ಕೈಕೊಂಡುವು.

1981ರ ಹೊತ್ತಿಗೆ ಮುಗಿದ ಆ ಸಮೀಕ್ಷೆಯಲ್ಲಿ 105 ಸ್ಥಳಗಳ 39,887 ಜನರ ಕಣ್ಣುಗಳನ್ನು ಪರೀಕ್ಷಿಸಲಾಯಿತು. ಸ್ಥಳಗಳನ್ನು ಗಣಿತಶಾಸ್ತ್ರದ ನಿಯಮದಂತೆ ಆರಿಸಿದ್ದರಿಂದ, ದಾರಿ ಕಠಿಣವೆಂದು ಯಾವುದನ್ನೂ ಬಿಡುವಂತಿರಲಿಲ್ಲ. ಎತ್ತರದ ಊರುಗಳಿಗೆ ಪರೀಕ್ಷಕರು ದಿನಗಟ್ಟಲೆ ನಡೆದೇ ಹೋಗಬೇಕಾಯಿತು. ಎರಡು ಕಣ್ಣೂ ಕುರುಡಾದವರು ನೂರಕ್ಕೆ 0.84ರಷ್ಟು ಎಂದು ಕಂಡುಬಂದಿತು. ಆಗಿನ ಜನಸಂಖ್ಯೆಗೆ ಹಿಡಿದು ಎಣಿಸಿದರೆ ಇದು ಒಂದು ಲಕ್ಷಕ್ಕೂ ಮೀರಿದ ಸಂಖ್ಯೆಯು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರು ಪೊರೆಯಿಂದಲೇ, ಎಂದರೆ ಗುಣಪಡಿಸಬಹುದಾದ ಕಾರಣದಿಂದಲೇ, ಕುರುಡರಾಗಿದ್ದರು.

ಈ ಸಮೀಕ್ಷೆಯಿಂದ ವಿದ್ವಾಂಸರು ನಿರೀಕ್ಷಿಸದಿದ್ದ ಸಂಗತಿಯೊಂದು ಹೊರಬಿದ್ದಿತು. ಎತ್ತರಕ್ಕೆ ಹೋದಂತೆ ಸೂರ್ಯಕಿರಣಗಳು ತೀಕ್ಷ್ಣವಾಗುವುದರಿಂದ ಪರ್ವತವಾಸಿಗಳಲ್ಲಿಯೇ ಪೊರೆಯು ಹೆಚ್ಚಾಗಿರಬೇಕೆಂದು ಊಹಿಸಲಾಗಿದ್ದಿತು. ಲೆಕ್ಕವು ಇದಕ್ಕೆ ವಿರುದ್ಧವಾಗಿ ಬಂದಿತು. 185 ಮೀಟರು ಮತ್ತು ಅದಕ್ಕೂ ತಗ್ಗಿನ ಊರುಗಳಲ್ಲಿ ಪೊರೆಯು, 1,000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಇರುವುದಕ್ಕಿಂತ 2.7 ಪಟ್ಟು ಹೆಚ್ಚಾಗಿದ್ದಿತು. ಇದಕ್ಕೆ ಕಾರಣವೇನೆಂದರೆ, ಎತ್ತರದ ಕಣಿವೆಗಳಲ್ಲಿ ಸುತ್ತಲಿನ ಶಿಖರಗಳೇ ಮುಂಜಾನೆ ಸಂಜೆಯ ಬಿಸಿಲನ್ನು ತಡೆಯುವುವು. ದಿನಕ್ಕೆ ಸರಾಸರಿ 12 ತಾಸು ಬಿಸಿಲು ಬೀಳುವ ಸ್ಥಳಗಳಲ್ಲಿ, 7 ತಾಸು ಮಾತ್ರ ಬೀಳುವ ಸ್ಥಳಗಳಿಗಿಂತ 3.8 ಪಟ್ಟು ಪೊರೆಯಿದ್ದಿತೆಂದು 1983ರಲ್ಲಿ ಪ್ರಕಟವಾದ ಲೇಖನದಲ್ಲಿ ತಿಳಿಸಲಾಗಿದೆ. ಹೀಗೆ ಪರ್ವತವು ತನ್ನ ನೆರಳಿನಿಂದ ಕಣ್ಣಿಗೆ ಒಂದು ಉಪಕಾರವನ್ನೇ ಮಾಡಿದ್ದಿತು. ಅಪಕಾರವಿದ್ದುದು ಬೇರೊಂದು ಕಡೆ: ಪೊರೆ ಬಂದವರ ಬಳಿಗೆ ಚಿಕಿತ್ಸೆಯು ಬಾರದಂತೆಯೂ, ಚಿಕಿತ್ಸೆಯ ಬಳಿಗೆ ಅವರು ಹೋಗದಂತೆಯೂ ಅದೇ ಪರ್ವತವು ಅಡ್ಡ ನಿಂತಿದ್ದಿತು.

ಶಿಬಿರದ ಶಸ್ತ್ರಕ್ರಿಯೆಯೂ ಈ ಕಷ್ಟವನ್ನು ಪೂರ್ಣವಾಗಿ ನಿವಾರಿಸಲಿಲ್ಲ. ಅದೆಂತೆಂದರೆ, ಹಳೆಯ ಪದ್ಧತಿಯಲ್ಲಿ ಮಸೂರವನ್ನು ತೆಗೆದ ಬಳಿಕ ಕಣ್ಣಿನಲ್ಲಿ ಅದರ ಸ್ಥಾನವು ಬರಿದಾಗಿಯೇ ಉಳಿಯುತ್ತಿದ್ದಿತು. ಆ ಕೊರತೆಯನ್ನು ತುಂಬುವುದಕ್ಕೆ ಸೀಸೆಯ ತಳದಂಥ ದಪ್ಪ ಗಾಜಿನ ಕನ್ನಡಕವನ್ನು ಕೊಡುತ್ತಿದ್ದರು. ಅದನ್ನು ಧರಿಸಿದವನಿಗೆ ಎದುರಿನ ವಸ್ತುಗಳು ದೊಡ್ಡದಾಗಿಯೂ ಹತ್ತಿರವಾಗಿಯೂ ತೋರುವುವು; ಪಕ್ಕದ ನೋಟವು ಇಲ್ಲವಾಗುವುದು. ಸಮತಲದಲ್ಲಿ ಇದನ್ನು ಹೇಗೋ ಸಹಿಸಬಹುದು. ಒಂದು ಪಕ್ಕದಲ್ಲಿ ಬಂಡೆಯೂ ಇನ್ನೊಂದು ಪಕ್ಕದಲ್ಲಿ ಪ್ರಪಾತವೂ ಇರುವ ಹಾದಿಯಲ್ಲಿ, ಮೆಟ್ಟಿಲು ಎಷ್ಟು ಕೆಳಗಿದೆಯೆಂಬುದೇ ತಿಳಿಯದವನ ಅವಸ್ಥೆಯನ್ನು ವಾಚಕರೇ ಊಹಿಸಬಹುದು. ಕನ್ನಡಕವು ಒಮ್ಮೆ ಜಾರಿ ಒಡೆದುಹೋದರೆ ಮತ್ತೊಂದು ದೊರೆಯುವ ಅಂಗಡಿಯು ಹಲವು ದಿವಸಗಳ ದಾರಿ. ಅಲ್ಲಿಗೆ ಅವನು ಪುನಃ ಕುರುಡನೇ ಆಗುವನು. ಪರ್ವತಕ್ಕೆ ಬೇಕಾಗಿದ್ದುದು ಒಮ್ಮೆ ಮಾಡಿದರೆ ಮತ್ತೆ ಮತ್ತೆ ಯಾರನ್ನೂ ಆಶ್ರಯಿಸಬೇಕಾಗದ ಚಿಕಿತ್ಸೆಯು.

ಅಂಥ ಚಿಕಿತ್ಸೆಯು ಲೋಕದಲ್ಲಿ ಇಲ್ಲದಿರಲಿಲ್ಲ. ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲೆಯವರು ಎರಡನೆಯ ಮಹಾಯುದ್ಧದ ವಿಮಾನಚಾಲಕರ ಕಣ್ಣುಗಳಲ್ಲಿ ನಾಟಿಕೊಂಡ ಪ್ಲಾಸ್ಟಿಕ್ಕಿನ ಚೂರುಗಳು ಉರಿಯನ್ನುಂಟುಮಾಡದೆ ಇರುವುದನ್ನು ಗಮನಿಸಿ, ಅದೇ ಬಗೆಯ ವಸ್ತುವಿನಿಂದ ಕೃತಕ ಮಸೂರವನ್ನು ಮಾಡಿಸಿ, 1949ರಲ್ಲಿ ರೋಗಿಯ ಕಣ್ಣೊಳಗೆ ಇರಿಸಿದರು. ಕಾಲಕ್ರಮದಲ್ಲಿ ಇದು ಶ್ರೀಮಂತ ದೇಶಗಳಲ್ಲಿ ಸಾಮಾನ್ಯವಾಯಿತು. ಆದರೆ ಒಂದೊಂದು ಮಸೂರದ ಬೆಲೆಯು ನೂರು ಡಾಲರುಗಳ ಆಸುಪಾಸಿನಲ್ಲಿದ್ದಿತು. ಬಡದೇಶಗಳ ಶಿಬಿರಗಳಲ್ಲಿ ಇಂಥ ಸೂಕ್ಷ್ಮಕಾರ್ಯವು ಸಾಧ್ಯವಲ್ಲ, ಕ್ಷೇಮವೂ ಅಲ್ಲ, ಆ ಹಣದಲ್ಲಿ ಹಳೆಯ ಪದ್ಧತಿಯಿಂದಲೇ ಹೆಚ್ಚು ಜನರಿಗೆ ಚಿಕಿತ್ಸೆಮಾಡುವುದು ಲೇಸು ಎಂಬುದು ಅಂದಿನ ಅನೇಕ ತಜ್ಞರ ಮತವಾಗಿದ್ದಿತು. ಈ ಮತದಲ್ಲಿ ಲೆಕ್ಕಾಚಾರದ ಸತ್ಯವಿದ್ದಿತು; ಆದರೆ ಪಟ್ಟಣದವನಿಗೆ ಒಂದು ಕಣ್ಣು, ಬೆಟ್ಟದವನಿಗೆ ಇನ್ನೊಂದು ಕಣ್ಣು ಎಂಬ ಭೇದವೂ ಅದರಲ್ಲಿ ಅಡಗಿದ್ದಿತು.

ಈ ಭೇದವನ್ನು ಒಪ್ಪದವರಲ್ಲಿ ಡಾ. ಸಂದುಕ್ ರುಯಿತ್ ರವರು ಮುಖ್ಯರು. ಇವರು 1954ರಲ್ಲಿ ಈಶಾನ್ಯ ನೇಪಾಳದ ತಾಪ್ಲೇಜುಂಗ ಜಿಲ್ಲೆಯ ಓಲಂಗಚುಂಗ ಗೋಲಾ ಎಂಬ, ತಿಬ್ಬತಿನ ಗಡಿಗೆ ಸಮೀಪದ ಹಳ್ಳಿಯಲ್ಲಿ ಜನಿಸಿದರು. ಶಾಲೆಯು ಅಷ್ಟು ದೂರವಿದ್ದುದರಿಂದ ತಂದೆಯು ಬಾಲಕನನ್ನು ಕರೆದುಕೊಂಡು ವಾರಕ್ಕಿಂತಲೂ ಹೆಚ್ಚು ಕಾಲ ನಡೆದು ದಾರ್ಜಿಲಿಂಗಿನ ಶಾಲೆಯಲ್ಲಿ ಬಿಟ್ಟುಬಂದನು. ಇವರ ಸಹೋದರಿಯು ಕ್ಷಯರೋಗದಿಂದ ತೀರಿಕೊಂಡುದೇ ವೈದ್ಯವೃತ್ತಿಯ ಕಡೆಗೆ ಇವರ ಮನಸ್ಸನ್ನು ತಿರುಗಿಸಿತು. ಲಖನೌದಲ್ಲಿ ವೈದ್ಯಶಿಕ್ಷಣವನ್ನೂ ದೆಹಲಿಯಲ್ಲಿ ನೇತ್ರವಿದ್ಯೆಯನ್ನೂ ಪಡೆದು ಇವರು ಸ್ವದೇಶಕ್ಕೆ ಹಿಂದಿರುಗಿದರು. 1980ರ ದಶಕದ ಮಧ್ಯಭಾಗದಲ್ಲಿ ನೇಪಾಳಕ್ಕೆ ಬಂದ ಆಸ್ಟ್ರೇಲಿಯದ ಡಾ. ಫ್ರೆಡ್ ಹಾಲೋಸ್ ರವರ ಪರಿಚಯವಾಯಿತು. ಹಾಲೋಸ್ ರವರು ತಮ್ಮ ದೇಶದ ಮೂಲನಿವಾಸಿಗಳ ನಡುವೆ ಟ್ರಕೋಮಾ ರೋಗದ ನಿವಾರಣೆಗಾಗಿ 1970ರ ದಶಕದಲ್ಲಿ ಊರೂರು ತಿರುಗಿದವರು. ಬಡವನಿಗೆ ಕೊಡುವ ಚಿಕಿತ್ಸೆಯು ಕಡಿಮೆ ದರ್ಜೆಯದಾಗಿರಬಾರದೆಂಬ ವಿಷಯದಲ್ಲಿ ಇಬ್ಬರಿಗೂ ಏಕಾಭಿಪ್ರಾಯವಿದ್ದಿತು. ರುಯಿತ್ ರವರು ಸಿಡ್ನಿಗೆ ಹೋಗಿ ಹಾಲೋಸ್ ರವರ ಬಳಿಯಲ್ಲಿ ಅಭ್ಯಾಸ ಮಾಡಿ ಬಂದರು. ಬಂದ ಮೇಲೆ ನೇಪಾಳದ ಶಿಬಿರಗಳಲ್ಲಿಯೇ ಕೃತಕ ಮಸೂರವನ್ನು ಇರಿಸುವುದಕ್ಕೆ ಆರಂಭಿಸಿದರು. ಹಾಲೋಸ್ ರವರು 1993ರಲ್ಲಿ ಕಾಲವಾದರು. ಮರುವರ್ಷ, 1994ರಲ್ಲಿ, ಕಾಠಮಾಂಡುವಿನಲ್ಲಿ ತಿಲಗಂಗಾ ನೇತ್ರಕೇಂದ್ರವು ತೆರೆಯಿತು.

ತಿಲಗಂಗೆಯ ವಿಶೇಷವೇನೆಂದರೆ, ಅದು ಚಿಕಿತ್ಸಾಲಯದ ಸಂಗಡ ಮಸೂರಗಳ ಕಾರ್ಖಾನೆಯನ್ನೂ ಇರಿಸಿಕೊಂಡುದು. ಹೊರದೇಶದಲ್ಲಿ ನೂರು ಡಾಲರು ಬೆಲೆಬಾಳುತ್ತಿದ್ದ ವಸ್ತುವು ಅಲ್ಲಿ ಕೆಲವೇ ಡಾಲರುಗಳಿಗೆ ಸಿದ್ಧವಾಗತೊಡಗಿತು. ಮಧುರೆಯಲ್ಲಿ ಅರವಿಂದ ಸಂಸ್ಥೆಯವರು 1992ರಲ್ಲಿ ಸ್ಥಾಪಿಸಿದ ಆರೋಲ್ಯಾಬ್ ಕಾರ್ಖಾನೆಯೂ ಇದೇ ಕೆಲಸವನ್ನು ಕೈಕೊಂಡಿದ್ದಿತು. ಬೆಲೆಯು ಇಳಿದೊಡನೆ ತಜ್ಞರ ಹಳೆಯ ವಾದದ ಅರ್ಧಭಾಗವು ಬಿದ್ದುಹೋಯಿತು. ಉಳಿದರ್ಧವು ಶಸ್ತ್ರಕ್ರಿಯೆಯ ಕಠಿಣತೆಯ ಕುರಿತಾದುದು. ಶ್ರೀಮಂತ ದೇಶಗಳಲ್ಲಿ ಪೊರೆಯನ್ನು ಶಬ್ದತರಂಗದಿಂದ ಪುಡಿಮಾಡಿ ಹೀರುವ ಬೆಲೆಯುಳ್ಳ ಯಂತ್ರವನ್ನು ಬಳಸುವರು. ಅದನ್ನು ಬೆಟ್ಟಕ್ಕೆ ಹೊತ್ತು ನಡೆಸುವುದು ದುಸ್ಸಾಧ್ಯವು. ರುಯಿತ್ ರವರು ಹೊಲಿಗೆಯ ಅವಶ್ಯಕತೆಯಿಲ್ಲದ, ತಾನೇ ಮುಚ್ಚಿಕೊಳ್ಳುವ ಚಿಕ್ಕ ಗಾಯದ ಮೂಲಕ ಕೈಯಿಂದಲೇ ಪೊರೆಯನ್ನು ತೆಗೆಯುವ ಕ್ರಮವನ್ನು ಸುಧಾರಿಸಿ ರೂಢಿಗೆ ತಂದರು. ತರಾಯಿಯ ಲಹಾನ ಊರಿನ ನೇತ್ರ ಆಸ್ಪತ್ರೆಯಲ್ಲಿ ಡಾ. ಆಲ್ಬ್ರೆಕ್ಟ್ ಹೆನ್ನಿಗ್ ರವರು ಮೀನುಗಾಳದಂತೆ ಬಾಗಿಸಿದ ಸೂಜಿಯಿಂದ ಪೊರೆಯ ತಿರುಳನ್ನು ಎಳೆದು ತೆಗೆಯುವ ಇನ್ನೊಂದು ಸುಲಭೋಪಾಯವನ್ನು ಬೆಳೆಸಿದರು.

ಈ ಕೈಗೆಲಸವು ಯಂತ್ರದ ಕೆಲಸಕ್ಕೆ ಸಮನಾಗಬಲ್ಲುದೆ ಎಂಬ ಸಂಶಯವು ಸಹಜವಾದುದು. ಅದನ್ನು ಪರೀಕ್ಷಿಸುವುದಕ್ಕಾಗಿ ನೇಪಾಳದಲ್ಲಿ 108 ರೋಗಿಗಳನ್ನು ಎರಡು ಪಂಗಡಗಳಾಗಿ ಮಾಡಿ, ಒಂದಕ್ಕೆ ಯಂತ್ರದಿಂದಲೂ ಇನ್ನೊಂದಕ್ಕೆ ಕೈಯಿಂದಲೂ ಶಸ್ತ್ರಕ್ರಿಯೆ ನಡೆಸಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರು ತಿಂಗಳ ಬಳಿಕ ಎರಡೂ ಪಂಗಡಗಳ ದೃಷ್ಟಿಯು ಸಮಾನವಾಗಿ ಉತ್ತಮವಾಗಿದ್ದಿತು. ಕೈಗೆಲಸಕ್ಕೆ ಕಾಲವೂ ವೆಚ್ಚವೂ ಕಡಿಮೆ ಹಿಡಿದುವು. ರುಯಿತ್ ರವರಿಗೆ 2006ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿಯೂ 2018ರಲ್ಲಿ ಭಾರತ ಸರಕಾರದ ಪದ್ಮಶ್ರೀಯೂ ದೊರೆತುವು.

ಪರ್ವತದ ಶಿಬಿರವು ನಡೆಯುವ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅನುಚಿತವಾಗಲಾರದು. ಮೊದಲು ತರಬೇತು ಹೊಂದಿದ ನೇತ್ರಸಹಾಯಕರು ಹಳ್ಳಿಗಳನ್ನು ಸುತ್ತಿ, ಯಾರ ಅಂಧತ್ವವು ಶಸ್ತ್ರಕ್ರಿಯೆಯಿಂದ ಹೋಗತಕ್ಕದ್ದು, ಯಾರದು ಹೋಗಲಾರದು ಎಂಬುದನ್ನು ಪರೀಕ್ಷಿಸುವರು. ವ್ಯರ್ಥವಾದ ಆಸೆಯಿಂದ ಯಾರೂ ಬೆಟ್ಟವನ್ನು ಇಳಿದು ಹತ್ತಿ ಬಳಲಬಾರದೆಂಬುದೇ ಇದರ ಉದ್ದೇಶವು. ತರುವಾಯ ಸೂಕ್ಷ್ಮದರ್ಶಕ, ವಿದ್ಯುತ್ತನ್ನು ಹುಟ್ಟಿಸುವ ಯಂತ್ರ, ಶಸ್ತ್ರಗಳನ್ನು ಶುದ್ಧಮಾಡುವ ಪಾತ್ರೆ, ಔಷಧ, ಮಸೂರ ಇವು ದಾರಿಯಿರುವವರೆಗೆ ಗಾಡಿಯಲ್ಲಿಯೂ ಆಮೇಲೆ ಹಮಾಲರ ಬೆನ್ನಮೇಲೆಯೂ ಸಾಗುವುವು. ಶಾಲೆಯ ಕೊಠಡಿಯೊಂದನ್ನು ತೊಳೆದು ಶುದ್ಧಮಾಡಿ ಶಸ್ತ್ರಶಾಲೆಯನ್ನಾಗಿ ಮಾಡುವರು. ಒಬ್ಬ ರೋಗಿಗೆ ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಮುಂದಿನವನನ್ನು ಸಿದ್ಧಗೊಳಿಸುವುದರಿಂದ ವೈದ್ಯನ ಒಂದು ನಿಮಿಷವೂ ಹಾಳಾಗುವುದಿಲ್ಲ. ಮರುದಿನ ಬೆಳಿಗ್ಗೆ ಕಣ್ಣಿನ ಪಟ್ಟಿಯನ್ನು ಬಿಚ್ಚುವರು. ತನ್ನನ್ನು ಹೊತ್ತು ತಂದ ಮಗನ ಮುಖವನ್ನು ಕಂಡ ಮುದುಕಿಯು ಹಿಂದಿರುಗುವಾಗ ಡೋಕೋದ ಹಂಗಿಲ್ಲದೆ ತನ್ನ ಕಾಲಿನಿಂದಲೇ ನಡೆಯುವಳು.

ಆದರೆ ಶಿಬಿರವು ವರ್ಷದಲ್ಲಿ ಕೆಲವು ದಿವಸಗಳದು. ಕಣ್ಣಿನ ಅಪಾಯವಾದರೋ ವರ್ಷದ ಎಲ್ಲ ದಿವಸಗಳದು. ಪೊರೆಯು ಕಾಯಬಲ್ಲ ರೋಗ. ಕಾಯಲಾರದ ರೋಗಗಳೂ ಉಂಟು. ಅವುಗಳ ನಿವಾರಣೆಯ ಚರಿತ್ರೆಯು ವೈದ್ಯರ ಕೀರ್ತಿಯಷ್ಟು ಪ್ರಸಿದ್ಧವಲ್ಲದಿದ್ದರೂ ಅದಕ್ಕಿಂತ ಕಡಿಮೆಯದಲ್ಲ.

ಮೊದಲನೆಯದು ಮಕ್ಕಳ ಇರುಳುಗಣ್ಣು. ನೇಪಾಳಿಯಲ್ಲಿ ಅದಕ್ಕೆ ರತಂಧೋ ಎಂದು ಹೆಸರು. ಹಸಿರು ಸೊಪ್ಪು, ಹಣ್ಣು, ಹೈನು ಇವುಗಳ ಕೊರತೆಯಿಂದ ಎ ಜೀವಸತ್ವವು ಕಡಿಮೆಯಾದಾಗ ಮಗುವಿಗೆ ಮೊದಲು ಮುಸ್ಸಂಜೆಯಲ್ಲಿ ಕಣ್ಣು ಕಾಣದು. ಬಳಿಕ ಕಣ್ಣು ಒಣಗುವುದು. ಕೊನೆಗೆ ಕಾರ್ನಿಯಾ ಎಂಬ ಮುಂಭಾಗದ ಸ್ವಚ್ಛಪಟಲವು ಕರಗಿ ದೃಷ್ಟಿಯು ಹಿಂದಿರುಗದಂತೆ ಹೋಗುವುದು. ಇದೇ ಕೊರತೆಯು ಮಗುವಿನ ರೋಗನಿರೋಧ ಶಕ್ತಿಯನ್ನೂ ಕುಂದಿಸಿ ಪ್ರಾಣವನ್ನೇ ತೆಗೆಯುವುದೆಂಬುದು ನೇಪಾಳದ ಪ್ರಯೋಗಗಳಿಂದ ದೃಢಪಟ್ಟಿತು. ತರಾಯಿಯ ಸರ್ಲಾಹಿ ಜಿಲ್ಲೆಯ ಪ್ರಯೋಗದಲ್ಲಿ, ನಾಲ್ಕು ತಿಂಗಳಿಗೊಮ್ಮೆ ಈ ಜೀವಸತ್ವವನ್ನು ಕೊಟ್ಟ ಮಕ್ಕಳ ಮರಣವು ನೂರಕ್ಕೆ 30ರಷ್ಟು ಇಳಿಯಿತೆಂದು 1991ರಲ್ಲಿ ಪ್ರಕಟವಾಯಿತು. ವಾಯವ್ಯ ಭಾಗದ ದುರ್ಗಮ ಪರ್ವತಜಿಲ್ಲೆಯಾದ ಜುಮ್ಲಾದಲ್ಲಿ ಒಂದೇ ಸಲದ ದೊಡ್ಡ ಪ್ರಮಾಣದಿಂದ ಮರಣವು ನೂರಕ್ಕೆ 26ರಷ್ಟು ಇಳಿಯಿತೆಂದು 1992ರಲ್ಲಿ ಪ್ರಕಟವಾಯಿತು. ಕೂಡಲೇ, 1993ರಲ್ಲಿ, ನೇಪಾಳ ಸರಕಾರವು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು.

ಈ ಕಾರ್ಯವನ್ನು ಮನೆಮನೆಗೆ ಮುಟ್ಟಿಸಿದವರು ಯಾರೆಂಬುದು ಮುಖ್ಯವಾದ ವಿಷಯವು. 1988ರಲ್ಲಿ ಆರಂಭವಾದ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಿಕೆಯರ ವ್ಯವಸ್ಥೆಯು ಆ ದೇಶದಲ್ಲಿದ್ದಿತು. ಇವರು ಅದೇ ಊರಿನ ಗೃಹಿಣಿಯರು. ಮುಂದೆ ಇವರ ಸಂಖ್ಯೆಯು ಐವತ್ತು ಸಾವಿರದ ಸುಮಾರಿಗೆ ಏರಿತು. ವರ್ಷಕ್ಕೆ ಎರಡು ಸಲ, ವೈಶಾಖದಲ್ಲಿಯೂ ಕಾರ್ತಿಕದಲ್ಲಿಯೂ, ತಮ್ಮ ಊರಿನ ಮಕ್ಕಳನ್ನು ಕೂಡಿಸಿ, ಗುಳಿಗೆಯ ತುದಿಯನ್ನು ಕತ್ತರಿಸಿ, ಅದರೊಳಗಿನ ಎಣ್ಣೆಯನ್ನು ಬಾಯಲ್ಲಿ ಹಿಂಡುವುದು ಇವರ ಕೆಲಸವಾಯಿತು. 2002ರ ಹೊತ್ತಿಗೆ ಕಾರ್ಯಕ್ರಮವು ಆಗಿನ 75 ಜಿಲ್ಲೆಗಳನ್ನೂ ವ್ಯಾಪಿಸಿತು. ಯಾವ ಕಾಲುದಾರಿಯನ್ನು ಏರುವುದಕ್ಕೆ ವೈದ್ಯನಿಗೆ ಒಂದು ವಾರವು ಬೇಕೋ ಆ ದಾರಿಯ ತುದಿಯಲ್ಲಿಯೇ ಈ ಸ್ತ್ರೀಯು ವಾಸಿಸುತ್ತಿದ್ದುದರಿಂದ, ದೂರವೆಂಬುದೇ ಅಲ್ಲಿ ಇಲ್ಲವಾಯಿತು.

ಎರಡನೆಯದು ಕಣ್ಣಿನ ಗಾಯ. ಹುಲ್ಲು ಕೊಯ್ಯುವಾಗ, ಭತ್ತ ಬಡಿಯುವಾಗ, ಕಟ್ಟಿಗೆ ಒಡೆಯುವಾಗ ತೆನೆಯ ಮುಳ್ಳೋ ಚಕ್ಕೆಯೋ ತಗುಲಿ ಕಾರ್ನಿಯಾವು ತರಚುವುದು ರೈತರಲ್ಲಿ ನಿತ್ಯದ ಸಂಗತಿ. ತರಚಿದ ಸ್ಥಳದಲ್ಲಿ ಕ್ರಿಮಿಗಳು ಸೇರಿದರೆ ಹುಣ್ಣಾಗಿ, ಮಾದ ಮೇಲೆ ಬಿಳಿಯ ಕಲೆಯುಳಿದು, ಕಣ್ಣು ಹೋಗುವುದು. ಕಾಠಮಾಂಡು ಕಣಿವೆಯ ಭಕ್ತಪುರ ಜಿಲ್ಲೆಯಲ್ಲಿ ಎರಡು ವರ್ಷಗಳ ಕಾಲ 34,902 ಜನರನ್ನು ಗಮನದಲ್ಲಿರಿಸಿ, ತರಚುಗಾಯವಾದವರಿಗೆ ಊರಿನ ಕಾರ್ಯಕರ್ತರೇ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿವಸ ಹಚ್ಚಿದರು. 2001ರಲ್ಲಿ ಪ್ರಕಟವಾದ ಅದರ ಫಲಿತಾಂಶವು ಮನನೀಯವಾಗಿದೆ. ಗಾಯವಾದ 18 ತಾಸುಗಳೊಳಗಾಗಿ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 18ರಿಂದ 24 ತಾಸುಗಳ ನಡುವೆ ಬಂದ 109 ಜನರಲ್ಲಿ ನಾಲ್ವರಿಗೆ ಆಯಿತು. 24ರಿಂದ 48 ತಾಸುಗಳ ನಡುವೆ ಬಂದ 49 ಜನರಲ್ಲಿ 14 ಜನರಿಗೆ ಆಯಿತು. ಮುಲಾಮು ಒಂದೇ, ಗಾಯವೂ ಒಂದೇ ಬಗೆಯದು; ಭೇದವಾದುದು ತಾಸುಗಳಲ್ಲಿ ಮಾತ್ರ. ಪರ್ವತದ ದೂರವು ಕಣ್ಣನ್ನು ಹೇಗೆ ಕಳೆಯುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ಬೇಕಾಗಿಲ್ಲ.

ಇಷ್ಟರಿಂದ ಮುಲಾಮನ್ನು ಹಳ್ಳಿಗೆ ಕಳುಹಿಸಿದರೆ ಸಾಕೆಂದು ತಿಳಿಯುವುದೂ ಅವಸರವಾದೀತು. ನೇಪಾಳದಲ್ಲಿಯೇ ಸ್ವಯಂಸೇವಿಕೆಯರ ಮೂಲಕ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಏರ್ಪಾಡಿದ್ದ ಊರುಗಳಿಗೂ ಇಲ್ಲದ ಊರುಗಳಿಗೂ ಹುಣ್ಣಿನ ವಿಷಯದಲ್ಲಿ ಗಣನೀಯವಾದ ಭೇದವು ಕಂಡುಬರಲಿಲ್ಲ. ಔಷಧವು ಊರಿನಲ್ಲಿದ್ದರೂ ಗಾಯವಾದವನು ಸಣ್ಣದೆಂದು ಉಪೇಕ್ಷಿಸಿ ಬಾರದಿದ್ದರೆ ಫಲವಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕಾಲುದಾರಿಯ ದೂರವು ಅಳಿದ ಮೇಲೂ ಮನಸ್ಸಿನ ದೂರವೊಂದು ಉಳಿಯುವುದು; ಅದನ್ನು ಕಳೆಯುವುದಕ್ಕೆ ತಿಳಿವಳಿಕೆಯೂ ವಿಶ್ವಾಸವೂ ಬೇಕು.

ಮೂರನೆಯದು ಟ್ರಕೋಮಾ. ತೊಳೆಯದ ಮುಖದಿಂದಲೂ ನೊಣದಿಂದಲೂ ಹರಡುವ ಈ ಸೋಂಕಿನಿಂದ ರೆಪ್ಪೆಯ ಒಳಭಾಗವು ಸುಕ್ಕುಗಟ್ಟಿ, ರೆಪ್ಪೆಗೂದಲು ಒಳಕ್ಕೆ ಮಡಿಚಿ, ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಕಾರ್ನಿಯಾವನ್ನು ಕೆರೆಯುತ್ತ ಕೊನೆಗೆ ಕುರುಡುಮಾಡುವುದು. 2002ರಲ್ಲಿ ನೇಪಾಳವು ಇದಕ್ಕಾಗಿ ಪ್ರತ್ಯೇಕ ಕಾರ್ಯಕ್ರಮವನ್ನು ಆರಂಭಿಸಿತು. ಮಡಿಚಿದ ರೆಪ್ಪೆಗೆ ಸಣ್ಣ ಶಸ್ತ್ರಕ್ರಿಯೆ, ಊರಿಗೆಲ್ಲ ಔಷಧ, ಮುಖ ತೊಳೆಯುವ ಶಿಕ್ಷಣ, ನೀರು ಮತ್ತು ಶೌಚಾಲಯ ಇವೇ ಅದರ ನಾಲ್ಕು ಅಂಗಗಳು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿದ್ದ ಈ ರೋಗವನ್ನು ನೇಪಾಳವು ನಿವಾರಿಸಿತೆಂದು ಒಪ್ಪಿತು. ಆಗ್ನೇಯ ಏಷ್ಯಾ ವಿಭಾಗದಲ್ಲಿ ಈ ಮನ್ನಣೆಯನ್ನು ಮೊದಲು ಪಡೆದ ದೇಶವು ಅದೇ. ಭಾರತಕ್ಕೆ ಅದು ದೊರೆತುದು 2024ರಲ್ಲಿ.

ಇವೆಲ್ಲವುಗಳ ಜೊತೆಗೆ, ಜಿಲ್ಲೆಗಳಲ್ಲಿ ಸಮುದಾಯ ನೇತ್ರಕೇಂದ್ರಗಳು ನೆಲೆಗೊಂಡುವು. ಅಲ್ಲಿ ವೈದ್ಯನಿರುವುದಿಲ್ಲ, ತರಬೇತು ಹೊಂದಿದ ನೇತ್ರಸಹಾಯಕನಿರುವನು. ಕಣ್ಣನ್ನು ಪರೀಕ್ಷಿಸಿ, ಸಾಮಾನ್ಯ ರೋಗಗಳಿಗೆ ಔಷಧವನ್ನು ಕೊಟ್ಟು, ಕನ್ನಡಕದ ಅಳತೆಯನ್ನು ತೆಗೆದು, ಶಸ್ತ್ರಕ್ರಿಯೆ ಬೇಕಾದವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಅವನ ಕೆಲಸ. ನಲ್ವತ್ತು ದಾಟಿದ ನೇಕಾರಳಿಗೂ ಸಿಂಪಿಗನಿಗೂ ಸೂಜಿಯ ಕಣ್ಣು ಕಾಣದೆ ಕಸುಬು ನಿಲ್ಲುವುದು ಒಂದು ಅಗ್ಗದ ಕನ್ನಡಕದಿಂದ ತಪ್ಪುವುದೆಂದರೆ ಅದು ಅಲ್ಪಸೇವೆಯಲ್ಲ. ಸ್ತ್ರೀಯರ ವಿಷಯದಲ್ಲಿ ಈ ಕೇಂದ್ರಗಳ ಸಾಮೀಪ್ಯವು ಹೆಚ್ಚಿನ ಬೆಲೆಯುಳ್ಳದ್ದು. ಮನೆಯ ಗಂಡಸಿನ ಕಣ್ಣಿಗಾಗಿ ಹಣವೂ ಕಾಲವೂ ಒದಗುವ ಕುಟುಂಬದಲ್ಲಿಯೂ ವೃದ್ಧೆಯ ಕಣ್ಣಿಗಾಗಿ ಅವು ಒದಗುವುದು ವಿರಳವು. ಚಿಕಿತ್ಸೆಯು ದೂರವಾದಷ್ಟೂ ಅವಳ ಪಾಲು ಕಡಿಮೆಯಾಗುವುದು, ಹತ್ತಿರವಾದಷ್ಟೂ ಹೆಚ್ಚುವುದು.

ಈ ಎಲ್ಲ ಪ್ರಯತ್ನಗಳ ಒಟ್ಟು ಫಲವೇನೆಂದು ಕೇಳಿದರೆ, 1981ರಲ್ಲಿ ನೂರಕ್ಕೆ 0.84 ಇದ್ದ ಅಂಧತ್ವವು 2010ರ ಸುಮಾರಿಗೆ ನಡೆದ ಎಣಿಕೆಗಳಲ್ಲಿ 0.35ಕ್ಕೆ ಇಳಿದುದಾಗಿ ಕಂಡುಬಂದಿತು. ಕೆಲಸವು ಮುಗಿಯಿತೆಂದು ಇದರ ಅರ್ಥವಲ್ಲ. ಜನರ ಆಯುಷ್ಯವು ಹೆಚ್ಚಿದಂತೆ ಪೊರೆಯೂ ಹೆಚ್ಚುವುದು. ಮಧುಮೇಹದಿಂದ ಕಣ್ಣಿನ ಒಳಪಟಲವು ಕೆಡುವುದೂ, ನೋವಿಲ್ಲದೆ ದೃಷ್ಟಿಯನ್ನು ಕದಿಯುವ ಗ್ಲಾಕೋಮಾ ರೋಗವೂ ಒಂದು ಶಿಬಿರದಿಂದ ತೀರತಕ್ಕವಲ್ಲ. ಅವುಗಳಿಗೆ ವರ್ಷವರ್ಷವೂ ಪರೀಕ್ಷೆ ಬೇಕು, ಎಂದರೆ ಊರಿನ ಹತ್ತಿರದಲ್ಲಿಯೇ ನಿಂತು ನೋಡುವವರು ಬೇಕು.

ನೇಪಾಳದ ಚರಿತ್ರೆಯಲ್ಲಿ ಸಫಲವಾದ ಉಪಾಯಗಳನ್ನು ಒಂದೆಡೆಯಲ್ಲಿರಿಸಿ ನೋಡಿದರೆ ಅವೆಲ್ಲಕ್ಕೂ ಸಮಾನವಾದ ಗುಣವೊಂದು ಕಾಣಬರುವುದು. ಕೃತಕ ಮಸೂರವು ಬೆರಳತುದಿಯ ಮೇಲೆ ನಿಲ್ಲುವಷ್ಟು ಚಿಕ್ಕದು. ಎಣ್ಣೆಯ ಗುಳಿಗೆಯೂ ಮುಲಾಮಿನ ನಳಿಕೆಯೂ ಸೆರಗಿನಲ್ಲಿ ಕಟ್ಟಿಕೊಂಡು ನಡೆಯುವಷ್ಟು ಹಗುರವಾದುವು. ಬೆಟ್ಟವನ್ನು ಏರಬಲ್ಲ ಔಷಧವೂ, ಏರಿದ ಮೇಲೆ ಅದನ್ನು ಹಿಡಿದುಕೊಂಡು ಅಲ್ಲಿಯೇ ಉಳಿಯಬಲ್ಲ ಕೈಯೂ ಕೂಡಿದ ಕಡೆಯಲ್ಲಿ ಅಂಧತ್ವವು ಹಿಂದೆ ಸರಿಯಿತು. ಇವೆರಡರಲ್ಲಿ ಒಂದಿಲ್ಲದ ಕಡೆಯಲ್ಲಿ ಹಣವೂ ವಿದ್ಯೆಯೂ ಇದ್ದಾಗ್ಯೂ ಅದು ಸರಿಯಲಿಲ್ಲ. ದುರ್ಗಮಪ್ರಾಂತಗಳಲ್ಲಿ ಸೇವೆಯನ್ನು ಮಾಡಬಯಸುವ ಯಾವ ದೇಶದವರೇ ಆಗಲಿ, ಯಾವ ಸಂಸ್ಥೆಯವರೇ ಆಗಲಿ, ಕಟ್ಟಡಕ್ಕೆ ಅಸ್ತಿವಾರವನ್ನು ತೋಡುವ ಮೊದಲು ಈ ಒಂದು ಸಂಗತಿಯನ್ನು ಆಲೋಚಿಸುವುದು ಯುಕ್ತವಾಗಿದೆ.